ಇದ್ದ ದಿನ, ಇಟ್ಟ ದುಡ್ಡು

ಎಂಬತ್ತರ ದಶಕದ ಮೊದಲಿಗೆ ನಾನು ಉಡುಪಿಯ ಒಬ್ಬ ಆಡಿಟರ ಬಳಿ ಗುಮಾಸ್ತನಾಗಿ ಸೇರಿದೆ. ನಮ್ಮ ಕಡೆಯ ಹುಡುಗರು ಮುಂಬಯಿಯ ಹೋಟೆಲು ಬಿಟ್ಟು ಗಲ್ಫಿನತ್ತ ಮುಖ ಮಾಡಿದ್ದ ಕಾಲ. ಎಪ್ರಿಲ್-ಮೇ ತಿಂಗಳಲ್ಲಿ ಊರಿಗೆ ಬಂದವರು ಮದುವೆ, ಗೃಹಪ್ರವೇಶಗಳ ನಡುವೆ ಬಿಡುವು ಮಾಡಿಕೊಂಡು ಆಫೀಸಿಗೂ ಬರುತ್ತಿದ್ದರು. ಹಾಗೆ ಬರುತ್ತಿದ್ದವರು ತೀರಾ ಕಡಿಮೆ. ದುಬೈಯಲ್ಲಿ ದುಡಿದದ್ದಕ್ಕೆ ಇಲ್ಲಿ ಎಂಥ ಟ್ಯಾಕ್ಸ್ ಮಾರಾಯ್ರೇ ಎಂದು ನಕ್ಕು ಸುಮ್ಮನಾದವರೇ ಹೆಚ್ಚು.

ನಗುವಂಥ ವಿಷಯವಾಗಿರಲಿಲ್ಲ. 1961ರ ಆದಾಯ ತೆರಿಗೆ ಕಾಯ್ದೆ ಬಂದಾಗ ಅದರಲ್ಲೊಂದು ವಿಚಿತ್ರ ಶರತ್ತಿತ್ತು. ವರ್ಷದಲ್ಲಿ 182 ದಿನ ನಿಮ್ಮ ಹೆಸರಿಗೆ ಇಲ್ಲೊಂದು ಮನೆ ನಡೆಯುತ್ತಿದ್ದು, ನೀವು 30 ದಿನ ಇಲ್ಲಿದ್ದರೆ ಸಾಕು, ನೀವು ಭಾರತದ ನಿವಾಸಿ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ದುಡಿಯಲು ಹೋದವನಿಗೆ ಮನೆ ಇಲ್ಲದೆ ಇರುತ್ತದೆಯೇ? ಆ ಶರತ್ತು ಬಿದ್ದುಹೋದದ್ದು 1982ರ ಹಣಕಾಸು ಕಾಯ್ದೆಯಿಂದ. ಆಮೇಲೆ ಉಳಿದದ್ದು ದಿನಗಳ ಲೆಕ್ಕ ಮಾತ್ರ. ರಜೆಗೆ ಬಂದವನಿಗೆ ಮೊದಲು 90 ದಿನದ ಮಿತಿ, ಮುಂದೆ 150, 1994ರ ಬಜೆಟ್ಟಿನ ನಂತರ 182.

ದಿನ ಎಣಿಸುವುದು ನನ್ನ ಕೆಲಸ. ಪಾಸ್‌ಪೋರ್ಟಿನ ಪುಟಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಮುಂಬಯಿಯ ನೇರಳೆ ಮೊಹರುಗಳನ್ನು ಹುಡುಕಬೇಕು. ಮಂಗಳೂರಿನ ಬಜ್ಪೆಯಿಂದ ದುಬೈಗೆ ವಿಮಾನ ಹಾರತೊಡಗಿದ್ದು 2006ರಲ್ಲಿ. ಅಲ್ಲಿಯವರೆಗೆ ಹೆಚ್ಚಿನವರು ಮುಂಬಯಿಗೆ ಹೋಗಿಯೇ ಹತ್ತುತ್ತಿದ್ದರು. ನಮ್ಮ ಮೊಹರು ಅಳಿಸಿಹೋಗಿದ್ದರೆ ಆ ಕಡೆಯದ್ದನ್ನು ನೋಡಬೇಕು, ಅದು ಅರಬ್ಬಿ ಅಂಕಿಯಲ್ಲಿ. ಅಲ್ಲಿ ಸೊನ್ನೆ ಎಂದರೆ ಒಂದು ಚುಕ್ಕೆ. ನಮ್ಮ ಕಣ್ಣಿಗೆ ಸೊನ್ನೆಯಂತೆ ಕಾಣುವುದು ಐದು. ಎರಡಕ್ಕೂ ಮೂರಕ್ಕೂ ಒಂದು ಹಲ್ಲಿನ ವ್ಯತ್ಯಾಸ. ಬಂದ ದಿನ, ಹೋದ ದಿನ ಎರಡನ್ನೂ ಭಾರತದ ಲೆಕ್ಕಕ್ಕೇ ಹಾಕು ಎಂದು ಆಡಿಟರು ಹೇಳುತ್ತಿದ್ದರು. ಬಂದ ದಿನವನ್ನು ಬಿಡಬೇಕು ಎಂಬ ವಾದ ಬಹಳ ಕಾಲ ನಡೆಯಿತು. ಅಂಚಿನಲ್ಲಿ ನಿಂತವನಿಗೆ ಒಂದು ದಿನವೂ ದೊಡ್ಡದೇ.

ನಮ್ಮ ಹಣಕಾಸು ವರ್ಷ ಎಪ್ರಿಲ್‌ನಿಂದ ಮಾರ್ಚ್‌ಗೆ. ಫೆಬ್ರವರಿಯಲ್ಲಿ ಬಂದು ಮೇಯಲ್ಲಿ ಹೋದರೆ ದಿನಗಳು ಎರಡು ವರ್ಷಕ್ಕೆ ಹಂಚಿಹೋಗುತ್ತವೆ. ಎಪ್ರಿಲ್‌ನಲ್ಲಿ ಬಂದು, ಡಿಸೆಂಬರ್‌ನಲ್ಲಿ ತಂಗಿಯ ಮದುವೆಗೆಂದು ಮತ್ತೆ ಬಂದರೆ ಎಲ್ಲ ಒಂದೇ ವರ್ಷದ ಖಾತೆಗೆ. ಮೊದಲ ಬಾರಿ ಕೆಲಸಕ್ಕೆ ಹೊರಟವನಿಗೆ ಈಗಲೂ ಸೆಪ್ಟೆಂಬರ್ 28ರ ಒಳಗೆ ವಿಮಾನ ಹತ್ತು ಎನ್ನುತ್ತೇನೆ. ಒಂದು ದಿನ ತಡವಾದರೂ 182 ತುಂಬುತ್ತದೆ. ಆಗ ಆ ವರ್ಷ ಅಲ್ಲಿ ದುಡಿದದ್ದೂ ಇಲ್ಲಿನ ತೆರಿಗೆಗೆ ಸೇರುತ್ತದೆ.

ದಿನ ಎಣಿಸಿ ಮುಗಿದರೆ ಬ್ಯಾಂಕಿನ ವಿಷಯ. ಅನಿವಾಸಿ ಹೊರಗಿನ ದುಡ್ಡು ಇಡುವ ಎನ್‌ಆರ್‌ಇ ಖಾತೆಯ ಬಡ್ಡಿಗೆ ತೆರಿಗೆ ಇಲ್ಲ. ಊರಿನ ಅಂಗಡಿ ಬಾಡಿಗೆ ಎನ್‌ಆರ್‌ಒ ಖಾತೆಗೇ ಬರಬೇಕು. ಇದನ್ನು ಆಗಲೂ ಹೇಳುತ್ತಿದ್ದೆವು. ಆದರೆ ಹೋಗುವ ಮುಂಚೆ ತೆರೆದ ಸಾದಾ ಎಸ್‌ಬಿ ಖಾತೆಯನ್ನು ಬದಲಿಸಿದವರನ್ನು ನಾನು ಕಂಡದ್ದೇ ಅಪರೂಪ. ವಿದೇಶಿ ವಿನಿಮಯದ 1973ರ ಫೆರಾ ಕಾಯ್ದೆಯಲ್ಲಿ ಜೈಲಿನ ಮಾತೂ ಇತ್ತು. ಕುಂದಾಪುರದ ಶಾಖೆಯೊಂದರ ಲೆಡ್ಜರ್ ಪುಸ್ತಕವನ್ನು ದಿಲ್ಲಿಯಲ್ಲಿ ಕೂತು ಓದುವವರು ಮಾತ್ರ ಯಾರೂ ಇರಲಿಲ್ಲ. ತೆರಿಗೆ ಇಲಾಖೆ ಎದುರಾಗುತ್ತಿದ್ದುದು ಆಸ್ತಿ ಮಾರುವಾಗ. 5 ಲಕ್ಷ ಮೀರಿದ ಆಸ್ತಿಯ ನೋಂದಣಿಗೆ ಇಲಾಖೆಯ ಸರ್ಟಿಫಿಕೇಟ್ ಬೇಕಿತ್ತು. 2001ರಲ್ಲಿ ಅದೂ ಹೋಯಿತು.

ಹಡಗಿನವರದ್ದು ಬೇರೆಯೇ ಪಾಡು. ಅವರು ಯಾವ ದೇಶದಲ್ಲೂ ಇರುವುದಿಲ್ಲ, ನೀರಿನ ಮೇಲಿರುತ್ತಾರೆ. ಭಾರತದ ಬಂದರಿನಲ್ಲಿ ಹಡಗು ಹತ್ತಿದವನು ಎಂದಿನಿಂದ ಹೊರಗಿದ್ದಾನೆ? ನಾವಿಕರ ಸೇವಾ ದಾಖಲೆಯಾದ ಸಿಡಿಸಿ ಪುಸ್ತಕದಲ್ಲಿ ಬರೆದ ಸೇರಿದ ದಿನದಿಂದ ಇಳಿದ ದಿನದವರೆಗಿನ ಅವಧಿಯನ್ನು ಹೊರಗಿನದೆಂದು ಎಣಿಸಿ ಎಂಬ ನಿಯಮ ಬಂದದ್ದು 2015ರಲ್ಲಿ. ವಿದೇಶಿ ಹಡಗಿನ ಸಂಬಳ ಎನ್‌ಆರ್‌ಇ ಖಾತೆಗೆ ಬಿದ್ದ ಮಾತ್ರಕ್ಕೆ ಅನಿವಾಸಿಗೆ ಇಲ್ಲಿ ತೆರಿಗೆ ಇಲ್ಲ ಎಂದು ಇಲಾಖೆ ಸುತ್ತೋಲೆ ಹೊರಡಿಸಿದ್ದು 2017ರಲ್ಲಿ. ಅದಕ್ಕೂ ಮೊದಲು ನೋಟಿಸು ಬಂದವರ ಮನೆಯ ಹೆಂಗಸರು ಸಿಡಿಸಿಯ ಜೆರಾಕ್ಸ್ ಹಿಡಿದು ನಮ್ಮ ಬೆಂಚಿನ ಮೇಲೆ ಕೂತಿರುತ್ತಿದ್ದರು.

2020ರ ಫೆಬ್ರವರಿ 1ರಂದು ಬಜೆಟ್ ಓದಿ ಮುಗಿಯುವಷ್ಟರಲ್ಲಿ ಅಬುಧಾಬಿ, ದೋಹಾ, ಕುವೈತ್‌ಗಳಿಂದ ಫೋನು ಶುರುವಾಯಿತು. ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ನಾಗರಿಕನನ್ನು ಇಲ್ಲಿನ ನಿವಾಸಿ ಎಂದೇ ಎಣಿಸುವ ಪ್ರಸ್ತಾಪ ಅದರಲ್ಲಿತ್ತು. ಗಲ್ಫಿನ ಸಂಬಳಕ್ಕೆ ಕೈ ಹಾಕುವುದಿಲ್ಲ ಎಂದು ಮರುದಿನವೇ ಹಣಕಾಸು ಸಚಿವಾಲಯ ಹೇಳಿತು. ಕಾಯ್ದೆ ಆಗುವಾಗ, ಭಾರತದ ಆದಾಯ 15 ಲಕ್ಷ ಮೀರಿದವರಿಗೆ ಮಾತ್ರ ಎಂಬ ಮಿತಿ ಸೇರಿತು. ಅಂಥವರು ರಜೆಗೆ ಬಂದರೆ 182ರ ಬದಲು 120 ದಿನದ ಲೆಕ್ಕ. ಮಾರ್ಚಿನಲ್ಲಿ ಕೊರೊನಾದಿಂದಾಗಿ ವಿಮಾನಗಳೇ ನಿಂತವು. ಊರಲ್ಲಿ ಸಿಕ್ಕಿಬಿದ್ದವರಿಗೆ ಮಾರ್ಚ್ 22ರಿಂದ 31ರವರೆಗಿನ ದಿನಗಳನ್ನು ಇಲಾಖೆ ಬಿಟ್ಟುಕೊಟ್ಟಿತು. ಮುಂದಿನ ವರ್ಷಕ್ಕೆ ಎಲ್ಲರಿಗೂ ಒಟ್ಟಾಗಿ ಅಂಥ ರಿಯಾಯಿತಿ ಸಿಗಲಿಲ್ಲ.

ಈಗ ದುಬೈಯ ಸ್ಮಾರ್ಟ್ ಗೇಟಿನಲ್ಲಿ ಮೊಹರೇ ಬೀಳುವುದಿಲ್ಲ. ಮೊಬೈಲಿನಲ್ಲಿ ಹಳೆಯ ಟಿಕೆಟ್ ಹುಡುಕಿ ದಿನ ಎಣಿಸುತ್ತೇವೆ. 2023ರ ಜುಲೈಯಲ್ಲಿ ಎಷ್ಟೋ ಜನರ ಪ್ಯಾನ್ ನಿಷ್ಕ್ರಿಯವಾಯಿತು. ಆಧಾರ್ ಜೋಡಿಸಿರಲಿಲ್ಲ, ತಾವು ಅನಿವಾಸಿ ಎಂದು ಪೋರ್ಟಲಿನಲ್ಲಿ ತಿಳಿಸಿಯೂ ಇರಲಿಲ್ಲ. ತಿಳಿಸೋಣವೆಂದರೆ ಒಟಿಪಿ ಹೋಗುವುದು ಎಂದೋ ಬಿಟ್ಟ ಸಿಮ್ಮಿಗೆ. ಮನೆ ಮಾರುವಾಗಲೂ ಅನಿವಾಸಿಗೆ ಬೇರೆ ನಿಯಮ. ಊರಲ್ಲೇ ಇರುವವನು ಮಾರಿದರೆ 50 ಲಕ್ಷದ ಮೇಲೆ ಶೇ 1 ಮುರಿದುಕೊಂಡರೆ ಆಯಿತು. ಅನಿವಾಸಿಯ ಹಳೆಯ ಆಸ್ತಿಗೆ 2024ರ ಜುಲೈ 23ರಿಂದ ಶೇ 12.5, ಅದರ ಮೇಲೆ ಸೆಸ್. ಮೊದಲೇ ಇಲಾಖೆಯಿಂದ ಸರ್ಟಿಫಿಕೇಟ್ ತರದಿದ್ದರೆ ಲಾಭದ ಮೇಲಲ್ಲ, ಪೂರ್ತಿ ಮೊತ್ತದ ಮೇಲೆಯೇ ಮುರಿಯುತ್ತಾರೆ. ಮಾರುವವರು ಎನ್‌ಆರ್‌ಐ ಎಂದ ಕೂಡಲೇ ಬ್ರೋಕರನ ಮುಖ ಸಣ್ಣದಾಗುತ್ತದೆ.

ಕೆಲಸ ಬಿಟ್ಟು ಊರಿಗೆ ಬಂದವರದ್ದು ಇನ್ನೊಂದು ತೊಡಕು. ಮೊದಲ ಎರಡು-ಮೂರು ವರ್ಷ ಸಾಮಾನ್ಯ ನಿವಾಸಿ ಅಲ್ಲ ಎಂಬ ನೆರಳು ಸಿಗುತ್ತದೆ. ಅದು ಮುಗಿದ ಮೇಲೆ ದುಬೈಯಲ್ಲಿ ಮರೆತುಬಿಟ್ಟ ಚಿಕ್ಕ ಖಾತೆಯನ್ನೂ ರಿಟರ್ನ್ಸಿನಲ್ಲಿ ಬರೆಯಬೇಕು. ಬರೆಯದಿದ್ದರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ದಂಡಕ್ಕೆ ಅವಕಾಶವಿದೆ. ವಿದೇಶಿ ಆಸ್ತಿಗಳ ಒಟ್ಟು ಮೌಲ್ಯ 20 ಲಕ್ಷದೊಳಗಿದ್ದು, ಅದರಲ್ಲಿ ಜಾಗ-ಮನೆ ಸೇರಿರದಿದ್ದರೆ 2024ರ ಅಕ್ಟೋಬರಿನಿಂದ ಆ ದಂಡವಿಲ್ಲ. ದೇಶದೇಶಗಳು ಬ್ಯಾಂಕಿನ ವಿವರವನ್ನು ಪರಸ್ಪರ ಕಳುಹಿಸುತ್ತವೆ. 2024ರ ನವೆಂಬರಿನಲ್ಲಿ ಇಲಾಖೆಯೇ ಮೆಸೇಜು ಕಳುಹಿಸಿ ನೆನಪಿಸಿತು.

ಆ ಕಾಲವೇ ಚೆನ್ನಾಗಿತ್ತು ಎನ್ನುವ ಹಳೆಯ ಕಕ್ಷಿದಾರರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಅಂದು ಕಾನೂನು ಬಿಗಿ, ಕಣ್ಣು ಮಂದ. ಪಾಸ್‌ಪೋರ್ಟ್ ತಂದು ಮೇಜಿನ ಮೇಲಿಟ್ಟ ಪ್ರಾಮಾಣಿಕನಿಗೇ ತೊಂದರೆ, ಬಾರದವನು ನೆಮ್ಮದಿಯಾಗಿದ್ದ. ಈಗ ಇಬ್ಬರ ವಿವರವೂ ಒಂದೇ ಕಡೆ ಬಂದು ಬೀಳುತ್ತದೆ. 2026ರ ಎಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ. ಅದರಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ, 182 ಬದಲಾಗಿಲ್ಲ. ದಿನವನ್ನು ನೀವೇ ಎಣಿಸಿಕೊಳ್ಳಿ. ದುಡ್ಡನ್ನು ಅವರು ಆಗಲೇ ಎಣಿಸಿಟ್ಟಿದ್ದಾರೆ.