ಕೃಷ್ಣಮೂರ್ತಿಪುರಂ ಮನೆಗೆ ಜಾರುಬಾಗಿಲಿನ ಬೀರು

ಕೃಷ್ಣಮೂರ್ತಿಪುರಂನ ಹಳೇ ಮನೆಗಳಲ್ಲಿ ‘ವಾರ್ಡ್‌ರೋಬ್’ ಅನ್ನೋ ಮಾತೇ ಇರಲಿಲ್ಲ. ಗೋಡೆ ಬೀರು ಇತ್ತು, ದೀಪ ಇಡೋ ಗೂಡು ಇತ್ತು, ಅಟ್ಟ ಇತ್ತು, ಅಟ್ಟದ ಮೇಲೆ ಟ್ರಂಕು ಇತ್ತು. ಮದುವೆ ಆದಮೇಲೆ ಒಂದು ಕಬ್ಬಿಣದ ಬೀರು ಬರ್ತಿತ್ತು. ರೇಷ್ಮೆ ಸೀರೆ, ಒಡವೆ, ಮನೆ ಪತ್ರ, ಎಲ್‌ಐಸಿ ಬಾಂಡು ಎಲ್ಲಾ ಇಷ್ಟರಲ್ಲೇ ಹಿಡೀತಿತ್ತು. ಅಂಥದ್ದೊಂದು ಮನೆಯ ಮಲಗೋ ಕೋಣೆಗೆ ಸ್ಲೈಡಿಂಗ್ ಬಾಗಿಲಿನ ವಾರ್ಡ್‌ರೋಬ್ ಕೂರಿಸೋದು ಹೇಗೆ ಅಂತ ಕಳೆದ ಕೆಲವು ವೀಕೆಂಡುಗಳು ನನ್ನ ತಲೆಯಲ್ಲಿ ಓಡಿದ್ದು ಅದೊಂದೇ.

ಇದು ಅಂದಕ್ಕೆ ಹೊರಟ ಕೆಲಸ ಅಲ್ಲ. ಅಮ್ಮನಿಗೆ ಮಂಡಿ ಆಪರೇಶನ್ ಆಗಿ ವಾಕರ್ ಬಂತು. ಮಂಚಕ್ಕೂ ಬೀರುವಿಗೂ ನಡುವೆ ವಾಕರ್ ಹೋಗುತ್ತೆ, ಆದರೆ ಬೀರುವಿನ ಬಾಗಿಲು ತೆಗೆದರೆ ಹೋಗಲ್ಲ. ಹಾಗಾಗಿ ಅಮ್ಮ ವಾಕರ್ ಪಕ್ಕಕ್ಕಿಟ್ಟು, ಒಂದು ಕೈಲಿ ಮಂಚ ಹಿಡಿದು, ಇನ್ನೊಂದು ಕೈಲಿ ಬಾಗಿಲು ಎಳ್ಕೊಂಡು ಹಿಂದೆ ಹಿಂದೆ ಹೆಜ್ಜೆ ಇಡ್ತಾಳೆ. ನೋಡೋಕೇ ಭಯ ಆಗುತ್ತೆ. ಪುಣೆಯಲ್ಲಿರೋ ಅಣ್ಣನ ಪ್ರಕಾರ ಪರಿಹಾರ ಸುಲಭ: ಮನೆ ಮಾರಿ ಲಿಫ್ಟ್ ಇರೋ ಅಪಾರ್ಟ್‌ಮೆಂಟ್‌ಗೆ ಹೋಗೋದು. ಅಮ್ಮನ ಉತ್ತರವೂ ಅಷ್ಟೇ ಸುಲಭ: “ಅಲ್ಲಿ ನನಗೆ ಯಾರೋ ಗೊತ್ತು? ಇಲ್ಲಾದ್ರೆ ತರಕಾರಿಯವನೂ ಬಾಗಿಲಲ್ಲಿ ನಿಂತು ಮಂಡಿ ಹೇಗಿದೆ ಅಂತ ಕೇಳ್ತಾನೆ.”

ಅವಳ ಮಾತನ್ನ ತಳ್ಳಿಹಾಕೋದು ಕಷ್ಟ. ಈ ಬಡಾವಣೆ ಇರೋದೇ ಹಾಗೆ. ಮೈಸೂರಿಗೆ ಬಂದವರು ಅರಮನೆ, ಬೆಟ್ಟ, ಝೂ ನೋಡ್ಕೊಂಡು ಹೋಗ್ತಾರೆ, ಇತ್ತ ಬರಲ್ಲ. ಚಾಮರಾಜಪುರಂ ಸ್ಟೇಶನ್ನಿನಲ್ಲಿ ಇಳಿದರೆ ನಡ್ಕೊಂಡೇ ಬರಬಹುದು. ಶಾರದಾ ವಿಲಾಸ ಕಾಲೇಜು ಬಿಡೋ ಹೊತ್ತು ಬಿಟ್ಟರೆ ಕ್ರಾಸ್‌ಗಳಲ್ಲಿ ಹೆಚ್ಚು ಗಲಾಟೆ ಇಲ್ಲ. ಹೆಸರು ದಿವಾನ್ ಪಿ.ಎನ್. ಕೃಷ್ಣಮೂರ್ತಿಯವರದ್ದು. ಪೂರ್ಣಯ್ಯನವರ ವಂಶದವರು, 1901ರಿಂದ 1906ರವರೆಗೆ ಮೈಸೂರಿನ ದಿವಾನರು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬಂದ ಪ್ಲೇಗು ಊರಿನ ಇಕ್ಕಟ್ಟಾದ ಕೇರಿಗಳನ್ನ ನಡುಗಿಸಿತ್ತು. ಆಮೇಲೆ 1903ರಲ್ಲಿ ನಗರಾಭಿವೃದ್ಧಿಗೆ ಅಂತಲೇ ಟ್ರಸ್ಟ್ ಬೋರ್ಡ್ ಬಂತು. ಗಾಳಿ ಬೆಳಕು ಬರೋ ನೇರ ರಸ್ತೆಗಳು, ಮನೆ ಹಿಂದೆ ಕಕ್ಕಸು ಸಾಗಿಸೋಕೆ ಪ್ರತ್ಯೇಕ ಗಲ್ಲಿ, ಇವೆಲ್ಲ ಆ ಕಾಲದ ಯೋಚನೆ. ಆ ಹಿತ್ತಿಲ ಗಲ್ಲಿಗೆ ಮೈಸೂರಿನವರು ಈಗಲೂ ‘ಕನ್ಸರ್ವೆನ್ಸಿ’ ಅಂತಲೇ ಕರೀತಾರೆ. ಈಗ ಅಲ್ಲಿ ಸ್ಕೂಟರ್ ನಿಲ್ಲಿಸ್ತಾರೆ, ಬೆಕ್ಕು ಮಲಗಿರುತ್ತೆ.

ಕೆಲವು ಹಳೇ ಮನೆಗಳನ್ನ ಈಗ ಒಡೀತಿದ್ದಾರೆ. ಅರ್ಧ ಒಡೆದ ಮನೆ ಮುಂದೆ ನಿಂತು ನೋಡಿದರೆ ಕೋಣೆಯೇ ಇಲ್ಲದ ಗೋಡೆಯಲ್ಲಿ ಬೀರುವಿನ ಗೂಡುಗಳು ಮಾತ್ರ ಕಾಣುತ್ತವೆ. ಒಂದರಲ್ಲಿ ಹಲಗೆಗೆ ಹಾಸಿದ್ದ ನ್ಯೂಸ್‌ಪೇಪರ್ ಕೂಡ ಹಾಗೇ ಇತ್ತು. ಅದನ್ನ ನೋಡಿದಾಗ ಅನ್ನಿಸಿದ್ದು: ಬಿಲ್ಟ್-ಇನ್ ಅಂತ ಶೋರೂಮಿನವರು ಹೊಸದಾಗಿ ಮಾರೋದು ಇದನ್ನೇ ತಾನೆ? 18 ಇಂಚಿನ ಗೋಡೆಯ ಹೊಟ್ಟೆಯೊಳಗೇ ಒಂದಡಿ ಆಳದ ಬೀರು. ನೆಲದ ಒಂದಿಂಚು ಜಾಗವನ್ನೂ ತಗೊಳ್ಳಲ್ಲ.

ನಮ್ಮ ಕೋಣೆಯ ಲೆಕ್ಕ ಹೀಗಿತ್ತು. ಗೋಡೆಯಿಂದ ಗೋಡೆಗೆ 10 ಅಡಿ, ಅಂದರೆ 120 ಇಂಚು. ಮಂಚ 60 ಇಂಚು. ಸಾಮಾನ್ಯ ವಾರ್ಡ್‌ರೋಬ್ 24 ಇಂಚು ಆಳ, ಉಳಿಯೋದು 36. ಕೀಲಿನ ಬಾಗಿಲು 21 ಇಂಚು ಅಗಲ ಇದ್ದರೆ ಅದು ತೆರೆದಾಗ ಉಳಿಯೋದು ಬರೀ 15. ವಾಕರ್‌ಗೆ ಬೇಕಾದ್ದು 24. ಸ್ಲೈಡಿಂಗ್ ಬಾಗಿಲು ಒಂದರ ಹಿಂದೆ ಒಂದು ಸರಿಯೋದರಿಂದ ಟ್ರ್ಯಾಕಿಗೆ ಅಂತ ಮೂರು ನಾಲ್ಕು ಇಂಚು ಆಳ ಹೆಚ್ಚು ಬೇಕು. ಅಂದರೆ 27 ಇಂಚು, ಉಳಿಯೋದು 33. ಮೂರಿಂಚು ಯಾವಾಗಲೂ ಹೋಗುತ್ತೆ, ಆದರೆ ಬಾಗಿಲು ತೆಗೆದಾಗ ಒಂದಿಂಚೂ ಹೋಗಲ್ಲ.

ಎಕ್ಸೆಲ್ ಶೀಟಿನಲ್ಲಿ ಇದು ಮುಗಿದ ವಿಷಯ. ಆದರೆ ಆಚಾರ್ರು ಒಂದು ಪ್ರಶ್ನೆ ಕೇಳಿದರು: “ಮೇಡಂ, ಅಮ್ಮಾವ್ರು ಕೋಟು ನೇತಾಕ್ತಾರಾ?” ಎರಡಡಿ ಆಳ ಇರೋದು ಹ್ಯಾಂಗರಿನಲ್ಲಿ ತೂಗೋ ಶರ್ಟು, ಕೋಟಿಗೆ. ಅಮ್ಮನದ್ದೆಲ್ಲಾ ಮಡಿಚಿಟ್ಟ ಸೀರೆ. ಟೇಪು ಹಿಡಿದು ನೋಡಿದೆವು, ಅವಳ ಮಡಿಕೆ 13 ಇಂಚು. ಹಾಗಾದರೆ ಒಳಗೆ 15 ಇಂಚು ಸಾಕು, ಟ್ರ್ಯಾಕಿಗೆ 4, ಹಿಂದಿನ ಗೋಡೆಯಿಂದ ಗಾಳಿಯಾಡೋಕೆ 1. ಒಟ್ಟು 20. ಮಂಚದ ಪಕ್ಕ 40 ಇಂಚು ದಾರಿ! ಯಾವ ಶೋರೂಮಿನಲ್ಲೂ ಈ ಅಳತೆ ಸಿಗಲಿಲ್ಲ, ಯಾಕಂದ್ರೆ ಅಲ್ಲಿ ಸೀರೆ ಉಡೋರ ಲೆಕ್ಕದಲ್ಲಿ ಯಾರೂ ಪೆಟ್ಟಿಗೆ ಮಾಡಲ್ಲ. (ಜಪಾನಿನಲ್ಲಿ ಚಿಕ್ಕ ಕೋಣೆಗಳಿಗೆ ‘ಒಶಿಇರೆ’ ಅಂತ ಜಾರುಬಾಗಿಲಿನ ಗೂಡು ಇರುತ್ತಂತೆ, ರಾತ್ರಿ ಹಾಸಿದ ಹಾಸಿಗೆಯನ್ನೇ ಬೆಳಿಗ್ಗೆ ಸುತ್ತಿ ಅದರೊಳಗೆ ಇಡ್ತಾರೆ. ಅವರ ಅಳತೆ ಹಾಸಿಗೆಯದ್ದು.)

ಆದರೂ ಶೋರೂಮಿಗೆ ಹೋಗಿದ್ದು ದಂಡವಾಗಲಿಲ್ಲ. ಅಮ್ಮನನ್ನೂ ಕರ್ಕೊಂಡು ಹೋಗಿದ್ದೆ, ನೀವೂ ಹಾಗೇ ಮಾಡಿ, ಬಳಸೋರು ಮುಟ್ಟಿ ನೋಡಲಿ. ಆಳೆತ್ತರದ ಕನ್ನಡಿ ಬಾಗಿಲು ತೋರಿಸಿ ಸೇಲ್ಸ್ ಹುಡುಗ “ರೂಮು ಡಬಲ್ ಕಾಣುತ್ತೆ ಆಂಟಿ” ಅಂದ. ಆಂಟಿ ಎಳೆದು ನೋಡಿದರೆ ಕದಲಲಿಲ್ಲ. ಕಾರಣ ಎರಡು. ಒಂದು ತೂಕ: ಮೂರೂವರೆ ಅಡಿ ಅಗಲ, ಏಳಡಿ ಎತ್ತರದ 18 ಎಂಎಂ ಪ್ಲೈವುಡ್ ಬಾಗಿಲೇ ಸುಮಾರು 25 ಕೆಜಿ. ಅದಕ್ಕೆ 4 ಎಂಎಂ ಕನ್ನಡಿ ಪೂರ್ತಿ ಅಂಟಿಸಿದರೆ ಮತ್ತೆ 22 ಕೆಜಿ. ಇನ್ನೊಂದು ಸಾಫ್ಟ್ ಕ್ಲೋಸ್. ಬಾಗಿಲು ನಯವಾಗಿ ಮುಚ್ಚೋಕೆ ಅದರಲ್ಲೊಂದು ಸ್ಪ್ರಿಂಗ್ ಇರುತ್ತೆ. ತೆಗೆಯುವಾಗ ಮೊದಲು ಆ ಸ್ಪ್ರಿಂಗನ್ನ ನಾವೇ ಎಳೆದು ಬಿಗಿ ಮಾಡಬೇಕು. ನಮಗೆ ಗೊತ್ತೇ ಆಗಲ್ಲ, ಬೆರಳುಗಂಟು ನೋಯೋರಿಗೆ ಮೊದಲ ಆ ಎರಡಿಂಚು ಬೆಟ್ಟ ಹತ್ತಿದಂಗೆ. ಹಿಡಿಯೂ ಅಷ್ಟೇ, ಬೆರಳ ತುದಿ ಮಾತ್ರ ಹೋಗೋ ಗುಳಿ ಇತ್ತು.

ಹಾಗಾಗಿ ಕನ್ನಡಿ ಬೇಡ ಅಂದ್ವಿ, ಸಾಫ್ಟ್ ಕ್ಲೋಸ್ ಬೇಡ ಅಂದ್ವಿ. ಅಲ್ಯೂಮಿನಿಯಂ ಚೌಕಟ್ಟಿಗೆ ತೆಳು ಹಲಗೆ ಕೂರಿಸಿದ ಬಾಗಿಲು ಆಯ್ತು. ತೂಕ ಕಡಿಮೆ, ಅಷ್ಟೆತ್ತರದ ಪ್ಲೈ ಬಾಗಿಲಿನ ಥರ ಬೆಂಡಾಗೋ ಭಯವೂ ಕಡಿಮೆ. ಚೌಕಟ್ಟಿನ ಅಂಚೇ ಮೇಲಿಂದ ಕೆಳಗಿನವರೆಗೆ ಹಿಡಿ, ಕೂತಾದರೂ ಎಳೀಬಹುದು, ನಿಂತಾದರೂ ಎಳೀಬಹುದು. ಮರದ ಪೆಟ್ಟಿಗೆಗೆ ಬಿಡಬ್ಲ್ಯುಆರ್ ಪ್ಲೈ, ಐಎಸ್ 303 ಅಂತ ಐಎಸ್ಐ ಮುದ್ರೆ ಇರೋದು. ಅಂಗಡಿಯವರು ಐಎಸ್ 710 ಮೆರೈನ್ ಪ್ಲೈ ಬೇಕೇ ಬೇಕು ಅಂತಾರೆ. ಸಿಂಕಿನ ಕೆಳಗೆ ಸರಿ, ಮಲಗೋ ಕೋಣೆಗೆ ಅದು ಅತಿಯಾಯ್ತು ಅನ್ನೋದು ನನ್ನ ಅಭಿಪ್ರಾಯ. ರೇಟು ಚದರಡಿ ಲೆಕ್ಕದಲ್ಲಿ ಹೇಳಿದರೆ ಅದರಲ್ಲಿ ಡ್ರಾಯರು, ಚಾನೆಲ್ಲು, ಬೀಗ ಸೇರಿದೆಯಾ ಅಂತ ಬರಹದಲ್ಲಿ ತಗೊಳ್ಳಿ.

ನಿಜವಾದ ಕೆಲಸ ಇದ್ದಿದ್ದು ನೆಲದಲ್ಲಿ. ಹಳೇ ಕೆಂಪು ಗಾರೆ ನೆಲ, ತೊಳೆದ ನೀರು ಹರೀಲಿ ಅಂತ ಆಗಲೇ ವಾಟ ಕೊಟ್ಟಿದ್ದಾರೆ. ಆಚಾರ್ರು ರಸಮಟ್ಟ ಇಟ್ಟು ನೋಡಿದರೆ ಏಳಡಿಯಲ್ಲಿ ಅರ್ಧ ಇಂಚು ಇಳಿಜಾರು. ಕೀಲಿನ ಬಾಗಿಲಾದರೆ ಹೇಗೋ ಸುಧಾರಿಸಬಹುದು. ಟ್ರ್ಯಾಕು ವಾಲಿದರೆ ಬಾಗಿಲು ತಾನಾಗಿಯೇ ಜಾರಿ ಹೋಗುತ್ತೆ. ತೂಗುಗುಂಡು ಬಿಟ್ಟರೆ ಗೋಡೆಯೂ ನೆಟ್ಟಗಿಲ್ಲ, ಮೇಲಕ್ಕೆ ಹೋಗ್ತಾ ಮುಕ್ಕಾಲು ಇಂಚು ಹಿಂದೆ ಸರಿದಿದೆ. ಮೇಲಿನಿಂದ ತೂಗೋ ಬಾಗಿಲು ಹಾಕಿದರೆ ಕೆಳಗಿನ ಟ್ರ್ಯಾಕಿನ ಧೂಳಿನ ಕಾಟ ಇಲ್ಲ ಅಂತ ಯೂಟ್ಯೂಬ್ ಹೇಳಿತ್ತು. ಆಚಾರ್ರು ತಲೆ ಎತ್ತಿ ಮದ್ರಾಸ್ ತಾರಸಿಯ ತೊಲೆಗಳನ್ನ ನೋಡಿ, “ನೂರು ವರ್ಷ ಹೊತ್ತಿರೋದೇ ಸಾಕು, ಇನ್ನೂ ಭಾರ ಯಾಕೆ” ಅಂದರು. ಕೊನೆಗೆ ನೆಲಕ್ಕೆ ಮೊಳೆ ಹೊಡೀದೆ ನಾಲ್ಕಿಂಚಿನ ಪೀಠ ಮಾಡಿ, ಒಂದು ಬದಿ ಅರ್ಧ ಇಂಚು ಎತ್ತರಿಸಿ, ಅದರ ಮೇಲೆ ಪೆಟ್ಟಿಗೆ ಕೂರಿಸಿದರು. ಟ್ರ್ಯಾಕು ಪೀಠದ ಮೇಲೆ ಇರೋದರಿಂದ ವಾಕರಿನ ಕಾಲಿಗೆ ಸಿಗಲ್ಲ.

ಸ್ಲೈಡಿಂಗಿಗೆ ಒಂದು ಕೊರತೆ ಇದೆ, ಮುಚ್ಚಿಡೋದು ಬೇಡ. ಒಂದು ಸಲಕ್ಕೆ ಅರ್ಧ ಬೀರು ಮಾತ್ರ ಕಾಣುತ್ತೆ. ಈ ಕಡೆ ತೆಗೆದರೆ ಆ ಕಡೆ ಮುಚ್ಚುತ್ತೆ. ಡ್ರಾಯರನ್ನ ಬಾಗಿಲುಗಳು ಒಂದರ ಮೇಲೊಂದು ಬರೋ ನಟ್ಟನಡುವೆ ಇಟ್ಟರಂತೂ ಅದು ಹೊರಗೇ ಬರಲ್ಲ. ಅಮ್ಮ ತಾನೇ ಪಾಲು ಮಾಡಿದಳು: ಎಡಕ್ಕೆ ದಿನಾ ಉಡೋದು, ಟವಲ್ಲು, ಸೊಂಟದ ಎತ್ತರದಲ್ಲಿ. ಬಲಕ್ಕೆ ರೇಷ್ಮೆ, ಹಬ್ಬದ್ದು. ಬಗ್ಗೋ ಎತ್ತರದ ಹಲಗೆಗಳನ್ನ ನನಗೆ ಬಿಟ್ಟುಕೊಟ್ಟಿದ್ದಾಳೆ.

ಗೋಡೆ ಬೀರುವನ್ನ ಒಡೆದು ದೊಡ್ಡದು ಮಾಡೋಣ ಅಂತ ಒಬ್ಬ ಕಾಂಟ್ರಾಕ್ಟರ್ ಹೇಳಿದ್ದರು. ತಾರಸಿ ಹೊತ್ತಿರೋ ಗೋಡೆ ಅದು, ಮುಟ್ಟಲಿಲ್ಲ. ಈಗ ಅದರಲ್ಲಿ ಮಾತ್ರೆ, ರಿಪೋರ್ಟುಗಳು. ಕಬ್ಬಿಣದ ಬೀರು ನಾಲ್ಕು ಜನರ ಹೆಗಲ ಮೇಲೆ ನಡುಮನೆಗೆ ಬಂತು. ಮಾರೋ ಮಾತಿಗೆ ಅಮ್ಮ ಒಪ್ಪಲಿಲ್ಲ, ಅದರ ಬೀಗದ ಕೈ ಇನ್ನೂ ಅವಳ ಸೊಂಟದಲ್ಲೇ ಇದೆ. ಹೊಸದಕ್ಕೂ ಬೀಗ ಇದೆ, ಅದರ ಕೀಲಿ ಎಲ್ಲಿದೆ ಅಂತ ಅವಳು ಒಮ್ಮೆಯೂ ಕೇಳಿಲ್ಲ.

ಟ್ರ್ಯಾಕಿಗೆ ವಾರಕ್ಕೊಮ್ಮೆ ಹಳೇ ಟೂತ್‌ಬ್ರಶ್ ಆಡಿಸಬೇಕು, ಇಲ್ಲಾಂದ್ರೆ ಕೂದಲು, ನೂಲು ಸೇರಿ ಗಾಲಿ ಕಚ್ಚಿಕೊಳ್ಳುತ್ತೆ. ಶನಿವಾರ ಬೆಳಿಗ್ಗೆ ಅದು ನನ್ನ ಕೆಲಸ. ಅಣ್ಣ ಈಗಲೂ ಅಪಾರ್ಟ್‌ಮೆಂಟ್ ಲಿಂಕು ಕಳಿಸ್ತಾನೆ. ನಾನು ಅವನಿಗೆ ಬಚ್ಚಲುಮನೆ ಹೊಸ್ತಿಲಿನ ಅಳತೆ ಕಳಿಸಿದೀನಿ, ಐದೂವರೆ ಇಂಚು. ಮುಂದಿನ ವಾರ ಗಾರೆಯವರು ಬರ್ತಾರೆ.