ಮುಟ್ಟದ ಸಾಮಾನು

ನಮ್ಮ ಅತ್ತೆಯವರದು ಒಂದೇ ವಾದ: "ನಾ ಕೈ ಸೈತ ಹಚ್ಚಿಲ್ಲ, ಹೆಂಗ ಕೆಡತೈತಿ ಹೇಳು?"

ಮನೋಳಿಯ ಹಳೇ ಮನೆಗೆ ಬೀಗ ಹಾಕಿ ಆರು ವರ್ಷವಾಗಿತ್ತು. ಗ್ಯಾಸಿನ ರೆಗ್ಯುಲೇಟರು, ಕಿತ್ತಳೆ ಬಣ್ಣದ ಪೈಪು ಎರಡನ್ನೂ ಹರಕು ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದರು. ತೆಗೆದರೆ ಹೊಸದರಂತೆ ಮಿರಿಮಿರಿ! ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಬೀಗರು ಬಂದಿಳಿಯುವವರಿದ್ದರು. ಒಲೆ ಹಚ್ಚುವ ಅವಸರ.

ಹಿತ್ತಾಳೆ ಕೊಡವಾದರೆ ಅತ್ತೆಯವರ ಮಾತು ಸರಿ. ರಬ್ಬರು ಹಾಗಲ್ಲ. ಸುಮ್ಮನೆ ಬಿದ್ದಿದ್ದರೂ ಗಾಳಿಗೆ, ಸೆಕೆಗೆ ಒಣಗಿ ಬಿರುಸಾಗುತ್ತದೆ, ಮಡಚಿಟ್ಟಲ್ಲಿ ಸೀಳು ಬಿಡುತ್ತದೆ. ಮಲಪ್ರಭೆಯ ದಂಡೆಯಾದರೇನು, ನಮ್ಮ ಬೇಸಿಗೆ ಗೊತ್ತಲ್ಲ! ರೆಗ್ಯುಲೇಟರಿನ ಹೊಟ್ಟೆಯಲ್ಲೂ ರಬ್ಬರಿನ ತೆಳು ಪರದೆಯಿದೆ. ಮುರುಡೇಶ್ವರದಾಚೆ ನೇತ್ರಾಣಿ ದ್ವೀಪದ ಕಡಲಲ್ಲಿ ಮುಳುಗುವವರು ಬಾಯಿಗಿಟ್ಟುಕೊಳ್ಳುವ ಉಸಿರಿನ ರೆಗ್ಯುಲೇಟರಿನದೂ ಇದೇ ಕಥೆ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದದ್ದನ್ನು ಬಿಚ್ಚಿ ನೋಡಿಸಿಯೇ ನೀರಿಗಿಳಿಯಬೇಕು.

ಪೈಪಿನ ಮೇಲೆ ಅಚ್ಚಾಗಿದ್ದ ವರ್ಷವನ್ನು ಅತ್ತೆಯವರಿಗೆ ಓದಿ ಹೇಳಿದೆ. ಐದು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಎಷ್ಟು ದಿನ ಒಲೆ ಉರಿಸಿದೆವೆಂಬ ಲೆಕ್ಕ ಅಲ್ಲಿಲ್ಲ. ರೆಗ್ಯುಲೇಟರನ್ನು ಏಜೆನ್ಸಿಯವರು ಪರೀಕ್ಷಿಸಿ ಕೊಟ್ಟರು. ಹೊಸ ಪೈಪು ಜೋಡಿಸಿ ಸಾಬೂನಿನ ನೊರೆ ಹಚ್ಚಿದೆವು, ಗುಳ್ಳೆ ಏಳಲಿಲ್ಲ. (ಕಡ್ಡಿ ಗೀರಿ ನೋಡುವ ಧೈರ್ಯವಂತೆಯರೂ ಇದ್ದಾರೆ, ಶಿವನೇ! ವಾಸನೆ ಬಂದರೆ ಕಿಟಕಿ, ಬಾಗಿಲು ತೆರೆದು ಹೊರಗೆ ಬಂದು 1906ಕ್ಕೆ ಫೋನು ಮಾಡಿ.)

ಹಳೇ ಪೈಪನ್ನು ಮಾತ್ರ ಅತ್ತೆಯವರು ಎಸೆಯಗೊಡಲಿಲ್ಲ. "ಮಂಗ್ಯಾ ಓಡಸಾಕರ ಆಕ್ಕೈತಿ" ಎಂದು ಹಿತ್ತಲ ಬಾಗಿಲಿಗೆ ತೂಗುಹಾಕಿದರು.