ಬೀಗಿತ್ತಿಯ ಮನೆಯ ಗೆಣಸು

ನಮ್ಮ ಎಲೆಯೂಟದಲ್ಲಿ ಪಾಯಸವೇ ಮೊದಲು. ಉಪ್ಪಿನಕಾಯಿ, ಕೋಸಂಬರಿ, ಪಲ್ಯಗಳ ನೆರೆಯಲ್ಲೇ ಒಬ್ಬಟ್ಟೂ ಕೂತಿರುತ್ತದೆ. ಸಾರನ್ನದಿಂದ ಒಬ್ಬಟ್ಟಿಗೆ, ಒಬ್ಬಟ್ಟಿನಿಂದ ಮತ್ತೆ ಸಾರನ್ನಕ್ಕೆ ಕೈ ಓಡಾಡುತ್ತಲೇ ಇರುತ್ತದೆ. ಹೀಗೆ ಉಂಡು ಬೆಳೆದ ನನಗೆ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಟರ್ಕಿ, ಬೀನ್ಸು, ಗ್ರೇವಿಗಳ ಸಾಲಿನಲ್ಲೇ ಸಿಹಿಯಾದ ಗೆಣಸಿನ ಕ್ಯಾಸರೋಲ್ ಇಟ್ಟದ್ದನ್ನು ಕಂಡಾಗ ವಿಚಿತ್ರವೇನೂ ಅನ್ನಿಸಲಿಲ್ಲ. ಇದು ಊಟದ ಜೊತೆಗೋ, ಊಟವಾದ ಮೇಲಕ್ಕೋ ಎಂದು ಇಲ್ಲಿನವರೇ ವಾದಕ್ಕೆ ಕೂರುವುದುಂಟು. ನಾನು ಮಾತ್ರ ಊಟದ ಜೊತೆಗೇ ಅನ್ನುವವಳು. ಬೇಯಿಸಿದ ಬೀನ್ಸಿನ ಉಪ್ಪು ನಾಲಿಗೆಯ ಮೇಲೆ ಇನ್ನೂ ಇರುವಾಗ ಒಂದು ಚಮಚ ಗೆಣಸು ಬಾಯಿಗೆ ಹಾಕಿಕೊಳ್ಳಬೇಕು. ಆಗ ಅದರ ಸಿಹಿ ಎಷ್ಟು ಬಗೆಯದು ಎಂಬುದು ತಿಳಿಯುತ್ತದೆ.

ನಾವಿರುವುದು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. 1971ರಿಂದಲೂ ಈ ದೇಶದಲ್ಲಿ ಗೆಣಸಿಗೆ ಮೊದಲ ಹೆಸರು ಈ ರಾಜ್ಯದ್ದೇ. ವಿಲ್ಸನ್ ಊರಿನ ನಾಲ್ಕನೆಯ ತರಗತಿ ಮಕ್ಕಳು ಶಾಸಕರ ಬೆನ್ನುಹತ್ತಿ 1995ರಲ್ಲಿ ಗೆಣಸನ್ನು ರಾಜ್ಯದ ಅಧಿಕೃತ ತರಕಾರಿ ಮಾಡಿಸಿದರು. ನನ್ನ ಮಗಳು ಕೈಹಿಡಿದದ್ದು ಪಕ್ಕದ ಜಾನ್‌ಸ್ಟನ್ ಕೌಂಟಿಯ ರೈತರ ಮನೆಯ ಹುಡುಗನನ್ನು. ಹಾಗಾಗಿ ಕ್ಯಾಸರೋಲ್ ನಾನು ಕಲಿತದ್ದು ಪುಸ್ತಕದಿಂದಲ್ಲ, ಬೀಗಿತ್ತಿಯ ಅಡುಗೆಮನೆಯಲ್ಲಿ ನಿಂತು.

ಆಕೆಯ ಅಡುಗೆ ಶುರುವಾಗುವುದು ಒಲೆಯ ಮುಂದೆ ಅಲ್ಲ, ಗೋದಾಮಿನಲ್ಲಿ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕಿತ್ತ ಗೆಣಸನ್ನು ಇಲ್ಲಿ ಹಾಗೇ ಮಾರುವುದಿಲ್ಲ. ಸುಮಾರು 30 ಡಿಗ್ರಿ ಸೆಲ್ಸಿಯಸ್ ಬಿಸಿಯ, ಒಳ್ಳೆ ತೇವವಿರುವ ಕೋಣೆಯಲ್ಲಿ ವಾರದ ಮಟ್ಟಿಗೆ ಇಡುತ್ತಾರೆ. ಕೀಳುವಾಗ ಆದ ಗಾಯಗಳು ಅಲ್ಲಿ ಮಾಯುತ್ತವೆ, ಹೊಸ ಸಿಪ್ಪೆ ಕಟ್ಟುತ್ತದೆ, ಪಿಷ್ಟ ನಿಧಾನಕ್ಕೆ ಸಕ್ಕರೆಯ ಕಡೆ ಹೊರಳುತ್ತದೆ. ಆಮೇಲೆ ತಣ್ಣಗಿನ ಕೋಣೆ. ಅಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಆದರೆ ಫ್ರಿಜ್ಜಿಗೆ ಮಾತ್ರ ಸೇರಿಸಬಾರದು. ಅತಿ ಚಳಿ ಹಿಡಿದ ಗೆಣಸಿನ ನಡುಭಾಗ ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ. ನವೆಂಬರಿನ ನಾಲ್ಕನೆಯ ಗುರುವಾರ ಹಬ್ಬ ಬರುವ ಹೊತ್ತಿಗೆ ಗೆಣಸು ಹದವಾಗಿ ಮಾಗಿರುತ್ತದೆ. ಮಂಡ್ಯದ ಕಡೆಯ ನಮ್ಮಜ್ಜಿಯೂ ಕಿತ್ತ ಗೆಣಸನ್ನು ಅದೇ ದಿನ ಬೇಯಿಸಲು ಬಿಡುತ್ತಿರಲಿಲ್ಲ. ನಡುಮನೆಯ ಮೂಲೆಯಲ್ಲಿ ಹರವಿ, "ಬಾಡಲಿ ತಾಳಿ" ಅನ್ನುತ್ತಿದ್ದರು.

ಬೀಗಿತ್ತಿ ಆರಿಸುವುದು ಕೋವಿಂಗ್ಟನ್ ತಳಿ. ನಾರ್ತ್ ಕ್ಯಾರೊಲೈನಾ ಸ್ಟೇಟ್ ಯೂನಿವರ್ಸಿಟಿಯವರು ಬೆಳೆಸಿದ್ದು, ಒಳಗೆ ಕಡು ಕಿತ್ತಳೆ ಬಣ್ಣ. ಒಂದೂವರೆ ಕೆಜಿಯಷ್ಟನ್ನು ತೊಳೆದು, ಸಿಪ್ಪೆ ತೆಗೆಯದೆ, ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ, ಇನ್ನೂ ಬಿಸಿಯಾಗದ ಓವನ್ನಿಗೆ ಇಟ್ಟು ಆಮೇಲೆ ಉರಿ ಹಚ್ಚುತ್ತಾಳೆ. ನೀರಿನಲ್ಲಿ ಬೇಯಿಸುವುದಿಲ್ಲ, ಮೈಕ್ರೋವೇವ್ ಮುಟ್ಟುವುದಿಲ್ಲ. ಇದರ ಹಿಂದೆ ಲೆಕ್ಕವಿದೆ. ಗೆಣಸಿನೊಳಗೇ ಇರುವ ಒಂದು ಕಿಣ್ವ ಪಿಷ್ಟವನ್ನು ಮಾಲ್ಟೋಸ್ ಸಕ್ಕರೆಯಾಗಿ ಒಡೆಯುತ್ತದೆ. ಅದು ಚುರುಕಾಗಿ ಕೆಲಸ ಮಾಡುವುದು ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ ನಡುವೆ. ಮೈಕ್ರೋವೇವ್ ಈ ಹಂತವನ್ನು ಕ್ಷಣದಲ್ಲಿ ದಾಟಿಬಿಡುತ್ತದೆ; ನಿಧಾನಕ್ಕೆ ಕಾಯುವ ಓವನ್ನು ಅಲ್ಲಿ ಸಾಕಷ್ಟು ಹೊತ್ತು ನಿಲ್ಲುತ್ತದೆ. ಗಂಟೆ ಕಳೆದ ಮೇಲೆ ಬಾಗಿಲು ತೆರೆದರೆ, ಚುಚ್ಚಿದ ತೂತುಗಳಿಂದ ಜೋನಿಯಂಥ ರಸ ಒಸರಿ ತಟ್ಟೆಯ ಮೇಲೆ ಕಪ್ಪಗೆ ಕುದಿಯುತ್ತಿರುತ್ತದೆ. ಸಿಪ್ಪೆ ಒಳಗಿನ ತಿರುಳನ್ನು ಬಿಟ್ಟು ಸಡಿಲವಾಗಿ ಸುಕ್ಕುಗಟ್ಟಿರುತ್ತದೆ. ಬೆರಳಿನಿಂದ ಎಳೆದರೆ ಕಳಚಿಕೊಳ್ಳುತ್ತದೆ. ಬಿಸಿಯಿರುವಾಗಲೇ ಮಸೆಯಬೇಕು, ಕಡ್ಡಿಗೆ ಸುತ್ತಿಕೊಂಡ ನಾರನ್ನು ಆಗಾಗ ತೆಗೆದೆಸೆಯಬೇಕು.

ಇಷ್ಟು ಮಾಡಿದವರಿಗೆ ಸಕ್ಕರೆಯ ಡಬ್ಬಿ ಹೆಚ್ಚು ಬೇಕಾಗುವುದಿಲ್ಲ. ಬೆಣ್ಣೆ, ಸ್ವಲ್ಪ ಹಾಲು, ಎರಡು ಮೊಟ್ಟೆ, ಉಪ್ಪು, ದಾಲ್ಚಿನ್ನಿ, ತುರಿದ ಜಾಯಿಕಾಯಿ, ಕಂದು ಸಕ್ಕರೆ ಕಾಲು ಕಪ್ಪು. ಡಬ್ಬಿಯಲ್ಲಿ ಪಾಕ ತುಂಬಿ ಮಾರುವ ಗೆಣಸನ್ನು ಸುರಿದು, ಮೇಲೆ ಮತ್ತೊಂದು ಕಪ್ಪು ಸಕ್ಕರೆ ಹಾಕಿದ ಕ್ಯಾಸರೋಲನ್ನೂ ತಿಂದಿದ್ದೇನೆ. ಅದರಲ್ಲಿ ಗೆಣಸನ್ನು ಹುಡುಕಬೇಕು.

ಈ ಅಡುಗೆಯ ಮೇಲೆ ಹಾಕುವ ಮಾರ್ಷ್‌ಮೆಲೊ ಎಂಬ ಮೆತ್ತನೆಯ ಸಿಹಿಯ ಹೊದಿಕೆಗೆ ಮಾತ್ರ ಅಷ್ಟು ವಯಸ್ಸಾಗಿಲ್ಲ. ಏಂಜಲಸ್ ಮಾರ್ಷ್‌ಮೆಲೊ ತಯಾರಿಸುತ್ತಿದ್ದವರು 1917ರಲ್ಲಿ ಜ್ಯಾನೆಟ್ ಮೆಕೆಂಝಿ ಹಿಲ್ ಎಂಬ ಹೆಸರಾಂತ ಅಡುಗೆ ಬರಹಗಾರ್ತಿಯಿಂದ ಒಂದು ಪುಸ್ತಿಕೆ ಬರೆಸಿದರು. ಮಸೆದ ಗೆಣಸಿನ ಮೇಲೆ ಮಾರ್ಷ್‌ಮೆಲೊ ಜೋಡಿಸಿ ಬೇಯಿಸುವ ವಿಧಾನ ಮನೆಮನೆಗೆ ಹೋದದ್ದು ಹಾಗೆ. ಅದರಡಿಯ ಗೆಣಸಿನ ಕಥೆಗೆ ಅದಕ್ಕಿಂತ ಎಷ್ಟೋ ಹೆಚ್ಚು ವಯಸ್ಸು, ನೋವೂ ಹೆಚ್ಚು. ಗುಲಾಮಗಿರಿಯಲ್ಲಿ ಹುಟ್ಟಿದ ಬೂಕರ್ ಟಿ. ವಾಷಿಂಗ್ಟನ್ 1901ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ, ತಾಯಿಯ ಗುಡಿಸಲಿನ ಮಣ್ಣಿನ ನೆಲದಲ್ಲಿ ಹಲಗೆ ಮುಚ್ಚಿದ ಒಂದು ಗುಂಡಿಯನ್ನು ನೆನೆಯುತ್ತಾರೆ. ಚಳಿಗಾಲಕ್ಕೆ ಗೆಣಸು ಕೂಡಿಡುತ್ತಿದ್ದ ಗುಂಡಿ ಅದು. ಅಮೆರಿಕದ ದಕ್ಷಿಣದಲ್ಲಿ ಗುಲಾಮರ ಅಂಥ ಗುಡಿಸಲುಗಳಲ್ಲಿ ಗೆಣಸು ಬೇಯುತ್ತಿದ್ದದ್ದು ಒಲೆಯ ಬೂದಿಯಲ್ಲಿ. ಇದನ್ನು ತಿಳಿದಾಗ ನನಗೆ ನಮ್ಮಜ್ಜಿಯ ಬಚ್ಚಲೊಲೆ ಕಣ್ಣಿಗೆ ಕಟ್ಟಿತು. ಹಂಡೆಯ ನೀರು ಕಾದ ಮೇಲೆ ಉಳಿದ ಬಿಸಿಬೂದಿಯಲ್ಲಿ ಗೆಣಸು ಹೂತು ಮಲಗಿದರೆ ಬೆಳಗ್ಗೆ ತಿನ್ನಲು ಸಿದ್ಧ. ನಮಗದು ಸಂಕ್ರಾಂತಿಯ ಹಿಂದುಮುಂದಿನ ಸಡಗರ. ಅವರಿಗದು ಹೊಟ್ಟೆಪಾಡು. ಹಬ್ಬದ ಮೇಜಿನ ಮೇಲೆ ಕ್ಯಾಸರೋಲ್ ಇಡುವಾಗ ಆ ಗುಂಡಿಯ ನೆನಪೂ ಇರಬೇಕು ಅನ್ನಿಸುತ್ತದೆ ನನಗೆ.

ಮಾರ್ಷ್‌ಮೆಲೊಗೆ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಟಿನ್ ಹಾಕುತ್ತಾರೆ. ನಮ್ಮವರು ತಿನ್ನುವುದಿಲ್ಲ. ಬೀಗಿತ್ತಿಗೆ ಅದು ತಿಳಿದ ಮೇಲೆ ಒಂದೇ ಪಾತ್ರೆಯಲ್ಲಿ ಅರ್ಧಕ್ಕೆ ಮಾರ್ಷ್‌ಮೆಲೊ, ಅರ್ಧಕ್ಕೆ ಪೀಕನ್ ಬೀಜ ಹಾಕಬಹುದಲ್ಲ ಎಂದು ನಾನೇ ಹೇಳಿದೆ. ಆಕೆ ಒಪ್ಪಲಿಲ್ಲ, ಕರಗಿದ್ದು ಈಚೆ ಹರಿದುಬರುತ್ತದೆ ಎಂದು ಬೇರೆಯೇ ಪಾತ್ರೆ ತೆಗೆದಳು. ಅತ್ತೆಯವರು ಊರಿನಿಂದ ಬಂದ ವರ್ಷವಂತೂ ಮೊಟ್ಟೆ ಬೆರೆಸುವ ಮೊದಲೇ ಒಂದು ಪಾಲು ಎತ್ತಿಟ್ಟು, ಅದಕ್ಕೆ ಹೊಸ ಸೌಟು ಹಿಡಿದಳು. ಮೊಟ್ಟೆಯಿಲ್ಲದೆಯೂ ಗೆಣಸು ಗಟ್ಟಿಯಾಗಿ ನಿಲ್ಲುತ್ತದೆ, ಅಷ್ಟು ಉಬ್ಬುವುದಿಲ್ಲ ಅಷ್ಟೆ. ಮೇಲಕ್ಕೆ ತರಿತರಿ ಪೀಕನ್, ಮೈದಾ, ಸಕ್ಕರೆ, ಬೆಣ್ಣೆಗಳನ್ನು ಬೆರಳ ತುದಿಯಲ್ಲಿ ತಿಕ್ಕಿ ಉದುರಿಸಿ, 350 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಅರ್ಧ ಗಂಟೆ ಇಟ್ಟರೆ ಹೊದಿಕೆ ಕರಕರ ಅನ್ನುತ್ತದೆ.

ಅತ್ತೆಯವರು ಒಂದು ಚಮಚ ಬಾಯಿಗಿಟ್ಟು ನನ್ನ ಕಡೆ ತಿರುಗಿ, "ಇದು ಗೆಣಸಿನ ಹೂರಣ ಕಣೇ! ಕಣಕ ಎಲ್ಲಿ?" ಅಂದರು. ಬೀಗಿತ್ತಿಗೆ ಅರ್ಥ ಹೇಳಿದೆವು. ಮಾರನೆಯ ದಿನ ನಮ್ಮ ಮನೆಯಲ್ಲಿ ಹೋಳಿಗೆ. ಆದರೆ ಕೋವಿಂಗ್ಟನ್‌ನಲ್ಲಿ ನೀರಿನಂಶ ಜಾಸ್ತಿ. ನಮ್ಮೂರ ಬಿಳಿ ಗೆಣಸಿನ ಹಾಗೆ ಹಿಟ್ಟುಹಿಟ್ಟಾಗಿ ಉಂಡೆ ಕಟ್ಟುವುದಿಲ್ಲ. ಬೆಲ್ಲ, ಏಲಕ್ಕಿ ಹಾಕಿ ಬಾಣಲೆಯ ತಳ ಬಿಡುವವರೆಗೂ ಕೈಯಾಡಿಸಬೇಕಾಯಿತು. ಅತ್ತೆಯವರು ಕುರ್ಚಿ ಎಳೆದುಕೊಂಡು ಕೂತು, ಬೀಗಿತ್ತಿಯ ಕೈಯಲ್ಲೇ ತಟ್ಟಿಸಿದರು. ತುಪ್ಪ ಸಾಲದು ಎಂದು ಮತ್ತೆರಡು ಚಮಚ ಹಾಕಿಸಿದರು.

ಅಂದಿನಿಂದ ಎರಡು ಮನೆಗೂ ಅದೇ ಕ್ರಮ: ಗುರುವಾರ ಅಲ್ಲಿ ಕ್ಯಾಸರೋಲ್, ಶುಕ್ರವಾರ ಇಲ್ಲಿ ಹೋಳಿಗೆ. ಗೆಣಸು ಸುಡುವಾಗಲೇ ಎರಡಕ್ಕೂ ಸೇರಿಸಿ ಸುಡುತ್ತೇವೆ. ಈ ಸಲ ಮೊಮ್ಮಗಳು ಮೆತ್ತಗಿನದನ್ನು ತಿನ್ನಲು ಶುರುಮಾಡಿದ್ದಾಳೆ. ಅವಳ ಪಾಲನ್ನು ಬೆಣ್ಣೆ, ಸಕ್ಕರೆ ಸೇರಿಸುವ ಮೊದಲೇ ತೆಗೆದಿಡಬೇಕೆಂದು ಬೀಗಿತ್ತಿ ಈಗಲೇ ಫೋನ್ ಮಾಡಿ ಹೇಳಿದ್ದಾಳೆ.